ಬೇಕಾಗಿದ್ದಾನೆ: ಮುಂದಿನ ಸಾಂಪ್ರಸ್

2003ರ ಯುಎಸ್ ಓಪನ್ ಟೆನಿಸ್ ಅಮೆರಿಕದ ಆಂಡಿ ರಾಡಿಕ್ ಪಾಲಾಯಿತು. ಅಲ್ಲಿಂದ 2025 ಮುಗಿಯುವವರೆಗೆ ಅಮೆರಿಕದ ಒಬ್ಬ ಗಂಡಸೂ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದಿಲ್ಲ. ಪೀಟ್ ಸಾಂಪ್ರಸ್‌ನಂಥ ಅಮೆರಿಕನ್ ಚಾಂಪಿಯನ್‌ನ ಹುದ್ದೆ ಖಾಲಿಯಿದೆ. ಅರ್ಹತೆಗಳು: ವಯಸ್ಸು ಹದಿನಾರು ಮೀರಿರಬಾರದು, ಜಾಹೀರಾತಿಗೆ ಒಪ್ಪುವ ನಗು ಇರಬೇಕು, ಹಳೆಯ ಚಾಂಪಿಯನ್ ಒಬ್ಬರ ಶಿಫಾರಸು ಬೇಕು. ಎರಡನೇ ಸರ್ವ್ (ಮೊದಲನೆಯದು ತಪ್ಪಿದಾಗ ಸಿಗುವ ಇನ್ನೊಂದು ಅವಕಾಶ) ಚೆನ್ನಾಗಿದ್ದರೆ ಸಂತೋಷ, ಕಡ್ಡಾಯವೇನಲ್ಲ.

ನೇಮಕಾತಿಯ ಕ್ರಮ ತಿಳಿಯಲು ಡೊನಾಲ್ಡ್ ಯಂಗ್ ಕಡತ ಬಿಚ್ಚಿದರೆ ಸಾಕು. 1989ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಎಡಗೈ ಹುಡುಗ, ಅಪ್ಪ ಅಮ್ಮನೇ ಕೋಚ್. ಇನ್ನೂ ಚಿಕ್ಕವನಿದ್ದಾಗಲೇ ಹಳೆಯ ಚಾಂಪಿಯನ್ ಜಾನ್ ಮೆಕೆನ್ರೋ ಜತೆ ಚೆಂಡು ಬಾರಿಸಿದ, ಮೆಕೆನ್ರೋ ಮೆಚ್ಚಿದರು. ಮೆಚ್ಚಿದ್ದು ತಪ್ಪಲ್ಲ, ಕೈಚಳಕ ನಿಜವೇ ಇತ್ತು. 2005ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಪ್ರಶಸ್ತಿ, ವರ್ಷದ ಕೊನೆಗೆ ಜೂನಿಯರ್ ವಿಶ್ವ ನಂಬರ್ ಒನ್. ಇಷ್ಟಾದ ಮೇಲೆ ಅವನನ್ನು ಸುಮ್ಮನೆ ಬಿಟ್ಟಿದ್ದರೆ ಆಗಿತ್ತು. ಸಂಘಟಕರು ಎಲ್ಲಿ ಬಿಡುತ್ತಾರೆ?

ಗ್ರ್ಯಾಂಡ್‌ಸ್ಲಾಮ್ ಮುಖ್ಯ ಸುತ್ತಿಗೆ 128 ಮಂದಿ. 104 ಜನ ರ‍್ಯಾಂಕಿಂಗ್ ಬಲದಿಂದ ಬರುತ್ತಾರೆ, 16 ಜನ ಅರ್ಹತಾ ಸುತ್ತಿನಲ್ಲಿ ಸತತ ಮೂರು ಪಂದ್ಯ ಗೆದ್ದು ಬೆವರಿಳಿಸಿಕೊಂಡು ಬರುತ್ತಾರೆ. ಉಳಿದ ಎಂಟು ಜಾಗ ವೈಲ್ಡ್ ಕಾರ್ಡ್, ಅಂದರೆ ಆತಿಥೇಯರ ಕೃಪೆ. ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾ ಒಂದೊಂದು ಕಾರ್ಡನ್ನು ತಮ್ಮತಮ್ಮಲ್ಲೇ ಮುಯ್ಯಿಗೆ ಮುಯ್ಯಿ ಎಂಬಂತೆ ಕೊಟ್ಟು ತೆಗೆದುಕೊಳ್ಳುವುದೂ ಉಂಟು. ಸಣ್ಣ ಟೂರ್ನಿಗಳ ಸಂಘಟಕರಿಗೂ ಕಾರ್ಡ್ ಇರುತ್ತದೆ. ಬಾಲಪ್ರತಿಭೆಯ ಹೆಸರು ಪೋಸ್ಟರಿನಲ್ಲಿದ್ದರೆ ಟಿಕೆಟ್ ಹೋಗುತ್ತದೆ. ಹುಡುಗ ಸೋಲುವುದು ಮೊದಲ ಸುತ್ತಿನಲ್ಲಿ, ಅಷ್ಟರಲ್ಲಿ ಟಿಕೆಟ್ ಹೋಗಿಯಾಗಿರುತ್ತದೆ.

ಯಂಗ್ ಸೋತ. ಮತ್ತೆ ಕರೆದರು, ಮತ್ತೆ ಸೋತ. 2006ರ ಮಯಾಮಿಯಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಬೆರ್ಲೋಕ್ ಅವನಿಗೆ 6-0, 6-0ರ ಪಾಠ ಮಾಡಿದ. ಜೂನಿಯರ್‌ಗಳು ಅಂಕ ಬಿಟ್ಟುಕೊಡುವ ಚೆಂಡನ್ನು ದೊಡ್ಡವರು ಹಿಂದಿರುಗಿಸುತ್ತಾರೆ. ಹುಡುಗರ ಮೆತ್ತನೆಯ ಎರಡನೇ ಸರ್ವ್ ಕಂಡರೆ ಎರಡು ಹೆಜ್ಜೆ ಮುಂದೆ ಬಂದು ಬಾರಿಸುತ್ತಾರೆ. ಇದನ್ನು ಕಲಿಯುವ ಶಾಲೆ ಬೇರೆ: ಆಗ ಫ್ಯೂಚರ್ಸ್ ಎನ್ನುತ್ತಿದ್ದ ಕೆಳಹಂತದ ಟೂರ್ನಿಗಳು, ಅದರ ಮೇಲೆ ಚಾಲೆಂಜರ್. ಅಲ್ಲಿ 32 ಜನರ ಪಟ್ಟಿಯಲ್ಲಿ ಐದು ಪಂದ್ಯ ಗೆದ್ದರೆ ಪ್ರಶಸ್ತಿ, ನೋಡಲು ಪಕ್ಕದ ಕೋರ್ಟಿನ ಆಟಗಾರನ ಅಮ್ಮ. ಮುಂದೆ ಗ್ರ್ಯಾಂಡ್‌ಸ್ಲಾಮ್ ಗೆದ್ದ ಬ್ರಿಟನ್ನಿನ ಆಂಡಿ ಮರ್ರೆ ಹದಿನೆಂಟರಲ್ಲಿ, 2005ರಲ್ಲಿ, ಕ್ಯಾಲಿಫೋರ್ನಿಯಾದ ಆಪ್ಟಾಸ್ ಚಾಲೆಂಜರ್ ಗೆದ್ದ. ಯಂಗ್ ಅದೇ ಆಪ್ಟಾಸ್ ಗೆದ್ದದ್ದು ಎರಡು ವರ್ಷದ ನಂತರ, ಅವನಿಗೂ ಆಗ ಸುಮಾರು ಹದಿನೆಂಟೇ. ಪುರುಷರ ಮೇಲ್ದರ್ಜೆಯ ಎಟಿಪಿ ಟೂರ್‌ನಲ್ಲಿ ಮೊದಲ ಗೆಲುವು ಸಿಕ್ಕಿದ್ದೂ ಅದೇ 2007ರಲ್ಲಿ, ನ್ಯೂ ಹೇವನ್‌ನಲ್ಲಿ. ಲೆಕ್ಕ ಹಾಕಿದರೆ ಹುಡುಗ ತಡವಾಗಿಯೇನೂ ಬರಲಿಲ್ಲ, ಪೋಸ್ಟರ್ ಮೊದಲೇ ಅಂಟಿಸಿದ್ದರು ಅಷ್ಟೆ.

ಹಣದ ಲೆಕ್ಕವೂ ಸೊಗಸಾಗಿದೆ. 2024ರ ಯುಎಸ್ ಓಪನ್‌ನಲ್ಲಿ ಮೊದಲ ಸುತ್ತು ಸೋತವನಿಗೆ 1 ಲಕ್ಷ ಡಾಲರ್. ಕೆಳಹಂತದ ಎಂ15 ಟೂರ್ನಿಯಲ್ಲಿ ಎಲ್ಲರ ಬಹುಮಾನ ಸೇರಿಸಿದರೂ 15 ಸಾವಿರ ಡಾಲರ್. ಕಾರ್ಡ್ ಪಡೆದು ನ್ಯೂಯಾರ್ಕಿನಲ್ಲಿ ಒಂದು ಸಲ ಸೋಲುವುದು, ಕಾರ್ಡಿಲ್ಲದೆ ಆರು ಊರುಗಳ ಟೂರ್ನಿ ಪೂರಾ ಗುತ್ತಿಗೆ ಹಿಡಿದದ್ದಕ್ಕಿಂತ ಲಾಭ. ಯಾವ ತಂದೆ ತಾನೆ ಬೇಡ ಎಂದಾನು?

2011ರಲ್ಲಿ ಫ್ರೆಂಚ್ ಓಪನ್‌ನ ಕಾರ್ಡಿಗೆ ಅಮೆರಿಕದ ಟೆನಿಸ್ ಸಂಸ್ಥೆ ಸ್ಪರ್ಧೆ ಇಟ್ಟಿತು. ಯಂಗ್ ಫೈನಲ್‌ನಲ್ಲಿ ಟಿಮ್ ಸ್ಮಿಚೆಕ್‌ಗೆ ಸೋತು, ಸಿಟ್ಟಿನಲ್ಲಿ ಟ್ವಿಟರ್‌ನಲ್ಲಿ ಸಂಸ್ಥೆಗೆ ಬೈಗುಳ ಬರೆದ. ಆಟಗಾರರ ಅಭಿವೃದ್ಧಿ ವಿಭಾಗದ ಮುಖ್ಯಸ್ಥ ಪ್ಯಾಟ್ರಿಕ್ ಮೆಕೆನ್ರೋ ಕ್ಷಮೆ ಕೇಳು ಎಂದರು. ಹಾಡಿ ಹೊಗಳಿದ್ದು ಅಣ್ಣ ಜಾನ್, ಕಿವಿ ಹಿಂಡಿದ್ದು ತಮ್ಮ ಪ್ಯಾಟ್ರಿಕ್. ಇಡೀ ದೇಶದ ಟೆನಿಸ್ ಒಂದೇ ಮನೆಯ ಜಗಲಿಯಲ್ಲಿ ನಡೆದುಹೋಯಿತು. ಯಂಗ್ ಕ್ಷಮೆ ಕೇಳಿದ, ಕೆಲವೇ ತಿಂಗಳಲ್ಲಿ ಯುಎಸ್ ಓಪನ್‌ನ ನಾಲ್ಕನೇ ಸುತ್ತು ತಲುಪಿದ, 2012ರ ಫೆಬ್ರವರಿಯಲ್ಲಿ ವಿಶ್ವದ 38ನೇ ಸ್ಥಾನಕ್ಕೇರಿದ. ಅದೇ ವರ್ಷ ಸತತ 17 ಪಂದ್ಯ ಸೋತದ್ದೂ ಉಂಟು.

ಇಪ್ಪತ್ತೆರಡಕ್ಕೆ ಭೂಮಿಯ ಮೇಲೆ ತನಗಿಂತ ಮೇಲಿನವರು 37 ಜನ ಮಾತ್ರ ಎಂಬ ಹುಡುಗನನ್ನು ‘ಹುಸಿಯಾದ ಭರವಸೆ’ ಎಂದು ಬರೆದು ಕಡತ ಮುಚ್ಚಲಾಯಿತು. ಆಟಗಾರರ ರ‍್ಯಾಂಕಿಂಗ್ ಸೋಮವಾರ ಬಂದರೆ ಪ್ರಕಟವಾಗುತ್ತದೆ. ಕಾರ್ಡ್ ಹಂಚಿದವರದ್ದು ಯಾವ ಸೋಮವಾರವೂ ಹೊರಬಿದ್ದಿಲ್ಲ.