ಪೀಠಿಕೆ ಅಲಂಕಾರವಲ್ಲ

ಸಂವಿಧಾನದ ಪೀಠಿಕೆ ಬರೀ ಆಶಯದ ಮಾತು, ಒಂದು ಅಲಂಕಾರ, ಅದಕ್ಕೆ ಕಾನೂನಿನ ಬಲವಿಲ್ಲ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಅರ್ಧ ಸತ್ಯ. ಪೀಠಿಕೆಯೊಂದನ್ನೇ ಹಿಡಿದು ಯಾರೂ ನ್ಯಾಯಾಲಯದಲ್ಲಿ ಹಕ್ಕು ಕೇಳಲಾಗದು, ಒಪ್ಪುತ್ತೇನೆ. 1960ರಲ್ಲಿ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಅದು ಸಂವಿಧಾನದ ಭಾಗವೇ ಅಲ್ಲ ಎಂದಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲವಲ್ಲ!

ಸಂವಿಧಾನ ಸಭೆ ಪೀಠಿಕೆಯನ್ನು ಕೈಗೆತ್ತಿಕೊಂಡದ್ದು ವಿಧಿಗಳ ಚರ್ಚೆಯೆಲ್ಲ ಮುಗಿಯುತ್ತ ಬಂದಾಗ, 1949ರ ಅಕ್ಟೋಬರ್ 17ರಂದು. ದೇವರ ಹೆಸರಿನಿಂದ ಆರಂಭಿಸೋಣ ಎಂಬ ಸದಸ್ಯ ಎಚ್.ವಿ. ಕಾಮತ್ ಅವರ ತಿದ್ದುಪಡಿಗೆ 41 ಮತ ಬಿದ್ದವು, ವಿರುದ್ಧ 68. ಆಸ್ತಿಕರೇ ತುಂಬಿದ್ದ ಸಭೆ ಅದು. ಆದರೂ ಅಧಿಕಾರದ ಮೂಲ ಜನರೇ ಎಂಬ ಮಾತನ್ನು ಬಿಟ್ಟುಕೊಡಲಿಲ್ಲ. ಇದನ್ನು ಓದಿದಾಗಲೆಲ್ಲ ನನ್ನ ಮೈ ನವಿರೇಳುತ್ತದೆ. ಕೊನೆಗೆ ಪೀಠಿಕೆ ಸಂವಿಧಾನದ ಭಾಗವಾಗಿರಲಿ ಎಂದು ಸ್ಪಷ್ಟವಾಗಿ ಮತಕ್ಕೆ ಹಾಕಿಯೇ ಅಂಗೀಕರಿಸಿದರು.

1973ರ ಕೇಶವಾನಂದ ಭಾರತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೀಠಿಕೆಯೂ ಸಂವಿಧಾನದ ಭಾಗವೇ ಎಂದು ಹೇಳಿ ಬೇರುಬಾರಿಯ ಹಳೆಯ ತಪ್ಪನ್ನು ತಿದ್ದಿತು. ನಮ್ಮ ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಭೂಸುಧಾರಣೆಯ ವಿರುದ್ಧ ಹೂಡಿದ ದಾವೆ ಅದು. ಮಠಕ್ಕೆ ಜಮೀನು ಉಳಿಯಲಿಲ್ಲ, ದೇಶಕ್ಕೆ ಮೂಲ ಸಂರಚನೆಯ ಸಿದ್ಧಾಂತ ದಕ್ಕಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಜೀವಾಳವನ್ನು ಅಳಿಸಬಾರದು. ಆ ಜೀವಾಳ ಯಾವುದು ಎಂದು ಹುಡುಕಿದ ನ್ಯಾಯಮೂರ್ತಿಗಳು ಪೀಠಿಕೆಯನ್ನೇ ಆಧಾರವಾಗಿ ಹಿಡಿದರು.

ಅಷ್ಟು ತೂಕ ಹೊತ್ತ ಮಾತುಗಳನ್ನು ಅಲಂಕಾರ ಎಂದು ಕರೆಯುವುದನ್ನು ನಾನು ಒಪ್ಪಲಾರೆ.