ಗಿಳಿ ಮಾಡಲು ಹೋಗಿ

ಎರಡು ಸೆಂಟಿಮೀಟರ್ ಅಗಲದ ಒಂದು ಬೆಳ್ಳಿ ಪದಕ. ಅದರ ಗುಳಿಯಲ್ಲಿ ಪುಟ್ಟ ಗಾಜಿನ ಮಣಿಗಳನ್ನು ಒತ್ತೊತ್ತಾಗಿ ಕೂರಿಸಿ ಒಂದು ಹಸಿರು ಗಿಳಿ. ನಾದಿನಿ ಮಗಳ ಮದುವೆಗೆ ನನ್ನ ಕೈಯಾರೆ ಮಾಡಿಕೊಡ್ತೀನಿ ಅಂತ ನಾನೇ ಬಾಯಿಬಿಟ್ಟಿದ್ದು. ಯಾರೂ ಕೇಳಿರಲಿಲ್ಲ.

ಬೆಳ್ಳಿ ಕರಗುವುದು 961 ಡಿಗ್ರಿಗೆ ಅಂತ ಓದಿಕೊಂಡು ಧೈರ್ಯವಾಗಿದ್ದೆ. ಅದು ಅಪ್ಪಟ ಬೆಳ್ಳಿಯ ಲೆಕ್ಕ. ನನ್ನ ಹತ್ತಿರ ಇದ್ದದ್ದು 925, ಅಂದರೆ ಸಾವಿರಕ್ಕೆ 75 ಪಾಲು ತಾಮ್ರ ಬೆರೆತದ್ದು. ಅದು 900 ಮುಟ್ಟುವ ಮೊದಲೇ ನೀರು! ಬಿಳಿಗಾರ ಹಚ್ಚಿ, ಪದಕದ ಸುತ್ತ ನಿಲ್ಲಬೇಕಾದ ತೆಳ್ಳನೆಯ ಪಟ್ಟಿಗೆ ಬೆಂಕಿ ಹಿಡಿದೆ. ಬೆಸುಗೆ ಹರಿಯಲಿಲ್ಲ. ಇನ್ನೂ ಹತ್ತಿರ ಹಿಡಿದೆ. ಪಟ್ಟಿ ಒಮ್ಮೆ ಫಳಕ್ ಅಂತ ಹೊಳೆಯಿತು, ಮುದುರಿತು, ಮೆಣಸಿನಕಾಳಿನಂತೆ ಗುಂಡಗೆ ಕೂತಿತು. ನೋಡಲು ಮುದ್ದಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಕಾಳನ್ನು ಚಿಕ್ಕಪೇಟೆಯ ಅಕ್ಕಸಾಲಿಗರೊಬ್ಬರಿಗೆ ತೋರಿಸಿದೆ. “ಪಟ್ಟಿಗೇ ಬೆಂಕಿ ಹಿಡಿದ್ರಾ ಅಮ್ಮ? ತಳದ ತಗಡೂ ಜೊತೆಗೇ ಕಾಯ್ಬೇಕು” ಅಂದರು. ನಗು ತಡೆದುಕೊಂಡಿದ್ದು ಅವರ ದೊಡ್ಡತನ. ಎರಡನೇ ಪಟ್ಟಿ ನಿಂತಿತು.

ಮಣಿಯದು ಬೇರೆ ಕಥೆ. 11 ನಂಬರಿಗಿಂತ 15 ದೊಡ್ಡದು ಅಂತ 15 ತಂದೆ. ಚಪ್ಪಲಿ ನಂಬರಿನ ಬುದ್ಧಿ! ಮಣಿಯಲ್ಲಿ ಲೆಕ್ಕ ಉಲ್ಟಾ, ನಂಬರ್ ಏರಿದಷ್ಟೂ ಮಣಿ ಸಣ್ಣದು. 11 ಅಂದರೆ ಸುಮಾರು ಎರಡು ಮಿಲಿಮೀಟರ್, 15 ಅಂದರೆ ಒಂದೂವರೆ. ಹೆಚ್ಚುಕಮ್ಮಿ ಸಾಸಿವೆ. ಚಿಮಟದಲ್ಲಿ ಹಿಡಿದರೆ ಟಪ್ ಅಂತ ಹಾರಿ ಸೋಫಾ ಕೆಳಗೆ. ಕೊನೆಗೆ ಹಲ್ಲುಕಡ್ಡಿಯ ತುದಿ ಒದ್ದೆ ಮಾಡಿ ಒಂದೊಂದಾಗಿ ಎತ್ತಿದೆ. ಪದಕ ತುಂಬಲು ನೂರೈವತ್ತು ಮಣಿಯಾದರೂ ಬೇಕು.

ಅಂಟು ಐದು ನಿಮಿಷದ್ದು. ಡಬ್ಬಿ ಮೇಲೆ ದಪ್ಪಕ್ಷರದಲ್ಲೇ ಬರೆದಿತ್ತು. ನಾನು ಮಾತ್ರ ಎರಡೂ ಟ್ಯೂಬು ಕಲಸಿ, ಗುಳಿಯ ತುಂಬಾ ಬಳಿದು, ಮೊದಲು ಕಣ್ಣಿಗೆ ಅಂತ ಒಂದು ಕರಿಮಣಿ ಇಟ್ಟು, ನೆಮ್ಮದಿಯಾಗಿ ಹೊಟ್ಟೆ, ರೆಕ್ಕೆ ಅಂತ ಸಾಗಿದೆ. ಕೊಕ್ಕಿನ ಹತ್ತಿರ ಬರುವಷ್ಟರಲ್ಲಿ ಅಂಟು ಕಲ್ಲು. ಕೆಂಪು ಮಣಿಗಳು ತಟ್ಟೆಯಲ್ಲೇ ಉಳಿದವು. ಹಲ್ಲುಕಡ್ಡಿಯ ತುದಿ ಬಾಲದಲ್ಲಿ ಉಳಿಯಿತು.

“ಹಾಗಲಕಾಯಿ ಚೆನ್ನಾಗಿ ಬಂದಿದೆ ಕಣೇ” ಅಂದರು ನಮ್ಮೆಜಮಾನರು. ಅತ್ತೆ ಕನ್ನಡಕ ಏರಿಸಿ ನೋಡಿ, “ಸುಮ್ನಿರೋ, ಅದು ಮಾವಿನಕಾಯಿ. ನಮ್ಮ ಕಾಲದ ಡಿಸೈನು” ಅಂದರು. ನನಗೆ ಹೋದ ಜೀವ ಬಂತು. ಹೌದು, ಮಾವಿನಕಾಯಿಯೇ ಅಂದುಬಿಟ್ಟೆ.

ಮದುಮಗಳಿಗೂ ಹಾಗೇ ಹೇಳಿ ಕೊಟ್ಟೆ. ಅವಳು ಪದಕವನ್ನು ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ, ತುಂಬ ಮೆಲ್ಲಗೆ ಕೇಳಿದಳು.

“ಮಾವಿನಕಾಯಿಗೆ ಕಣ್ಣು ಯಾಕೆ ಅತ್ತೆ?”