ವಿದ್ಯಾರ್ಥಿಗಳ ಉದ್ಯಮಕ್ಕೆ ವಿಶ್ವವಿದ್ಯಾಲಯ ಹೆಗಲು ಕೊಡಬೇಕೆ?

ಪರ

ಓದುತ್ತಲೇ ಸ್ವಂತ ಉದ್ಯಮ ಕಟ್ಟಲು ಹೊರಡುವ ವಿದ್ಯಾರ್ಥಿಗಳು, ಹೊಸ ಉದ್ಯಮಗಳಿಗೆ ಜಾಗ, ಸಲಹೆ ಕೊಟ್ಟು ಪೋಷಿಸುವ ಇನ್‌ಕ್ಯುಬೇಷನ್ ಕೇಂದ್ರಗಳು ಹುಟ್ಟುವ ಮೊದಲೂ ಇದ್ದರು. ಆದರೆ ಮನೆಯಲ್ಲಿ ಬಂಡವಾಳವೋ, ಬಂಡವಾಳ ಹಾಕಬಲ್ಲವರ ಪರಿಚಯವೋ ಇದ್ದವರಿಗಷ್ಟೇ ಆ ದಾರಿ ಸಲೀಸಾಗಿತ್ತು. 1998ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಅವರಿಗೆ ಹೂಡಿಕೆದಾರ ಆಂಡಿ ಬೆಕ್ಟೋಲ್‌ಶೈಮ್ ಒಂದು ಲಕ್ಷ ಡಾಲರ್‌ಗಳ ಚೆಕ್ ಬರೆದುಕೊಟ್ಟದ್ದು ಪ್ರಾಧ್ಯಾಪಕ ಡೇವಿಡ್ ಚೆರಿಟನ್ ಅವರ ಮನೆಯ ಜಗಲಿಯಲ್ಲಿ. ಚೆಕ್ಕಿನ ಮೇಲೆ ಹೆಸರಿದ್ದ ಗೂಗಲ್ ಕಂಪನಿ ಆಗಿನ್ನೂ ನೋಂದಣಿಯೇ ಆಗಿರಲಿಲ್ಲ. ಅಂಥ ಜಗಲಿ ಹತ್ತುವ ಅವಕಾಶ ಎಷ್ಟು ಮಂದಿಗೆ ಒದಗೀತು? ವಿಶ್ವವಿದ್ಯಾಲಯವೇ ಒಂದು ಕೇಂದ್ರ ತೆರೆದು, ವಕೀಲರು, ಲೆಕ್ಕಪರಿಶೋಧಕರು, ಉದ್ಯಮದಲ್ಲಿ ಪಳಗಿದವರು ಯಾರ ಶಿಫಾರಸೂ ಇಲ್ಲದ ವಿದ್ಯಾರ್ಥಿಗೂ ನಿಗದಿತ ಹೊತ್ತಿನಲ್ಲಿ ಸಿಗುವಂತೆ ಮಾಡಿದರೆ, ಪರಿಚಯದ ಬಲವಿಲ್ಲದವರಿಗೂ ಬಾಗಿಲು ತೆರೆಯುತ್ತದೆ. ಈ ಕಾರ್ಯಕ್ರಮಗಳ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಇದೇ.

ಎರಡನೆಯದು ಕಲಿಕೆಯ ವಿಚಾರ. ಗ್ರಂಥಾಲಯದಲ್ಲಿ ಖಾಲಿ ಸೀಟು ಎಲ್ಲಿದೆ ಎಂದು ತೋರಿಸುವ ಆ್ಯಪ್ ಮಾಡುತ್ತೇವೆ ಎಂದು ಒಂದು ತಂಡ ಬರುತ್ತದೆ ಎನ್ನೋಣ. ಅನುಭವಿ ಮಾರ್ಗದರ್ಶಕರು ಕೋಡ್ ಬರೆಯಲು ಬಿಡುವುದಿಲ್ಲ. ಮೊದಲು ಹೋಗಿ ಓದುಗರನ್ನು ಮಾತನಾಡಿಸಿ ಬನ್ನಿ ಎನ್ನುತ್ತಾರೆ. ಅದರಲ್ಲೂ "ಇಂಥ ಆ್ಯಪ್ ನಿಮಗೆ ಬೇಕೆ?" ಎಂದು ಕೇಳಬಾರದು, ಏಕೆಂದರೆ ಆ ಪ್ರಶ್ನೆಗೆ ದಾಕ್ಷಿಣ್ಯಕ್ಕಾದರೂ ಎಲ್ಲರೂ ಹೌದು ಎಂದುಬಿಡುತ್ತಾರೆ, "ಹಿಂದಿನ ಸಲ ಸೀಟು ಸಿಗದಾಗ ಏನು ಮಾಡಿದಿರಿ?" ಎಂದು ಕೇಳಬೇಕು. ಸೀಟಿಗೇನೂ ಬರವಿಲ್ಲ, ಲ್ಯಾಪ್‌ಟಾಪ್ ಚಾರ್ಜ್ ಮಾಡಲು ಪ್ಲಗ್ ಇರುವ ಮೇಜುಗಳೇ ಕಡಿಮೆ ಎಂಬುದು ಹೀಗೆ ಕೇಳಿದಾಗ ಹೊರಬೀಳಬಹುದು. ಆ್ಯಪ್ ಹುಟ್ಟುವ ಮೊದಲೇ ಸತ್ತಿತು, ನಿಜ. ಆದರೆ ಊಹೆಯನ್ನು ನೆಲದ ಮೇಲೆ ಪರೀಕ್ಷಿಸುವ ಈ ವಿದ್ಯೆ ಮುಂದೆ ಸರ್ಕಾರಿ ನೌಕರಿ ಹಿಡಿದವರಿಗೂ ಬೇಕಾಗುತ್ತದೆ.

ನೆದರ್‌ಲ್ಯಾಂಡ್ಸ್‌ನ ಒಂದು ಕಾಲೇಜಿನ ಎರಡು ಕ್ಯಾಂಪಸ್‌ಗಳನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವನ್ನು ಎದುರು ಪಕ್ಷದವರು ಮುಂದಿಡುವುದುಂಟು: ಮಿನಿ ಕಂಪನಿ ನಡೆಸುವ ಕಾರ್ಯಕ್ರಮದಲ್ಲಿ ಪಾಲ್ಗೊಂಡ ವಿದ್ಯಾರ್ಥಿಗಳಲ್ಲಿ ಉದ್ಯಮಿಗಳಾಗುವ ಇರಾದೆ ಕುಗ್ಗಿತ್ತು. ಇದರಲ್ಲಿ ನಷ್ಟವೇನಿದೆ? ಉದ್ಯಮ ತನಗೆ ಒಗ್ಗದು ಎಂದು ಮನೆಯನ್ನು ಅಡವಿಟ್ಟ ಮೇಲೆ ತಿಳಿಯುವುದಕ್ಕಿಂತ ಇಪ್ಪತ್ತರ ವಯಸ್ಸಿನಲ್ಲಿ ತಿಳಿಯುವುದು ಲೇಸಲ್ಲವೆ?

ವಿರೋಧ

ಗೂಗಲ್‌ನ ಉದಾಹರಣೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು. ಆ ಸರ್ಚ್ ಎಂಜಿನ್ ಯಾವ ಉದ್ಯಮಶೀಲತಾ ತರಗತಿಯಿಂದಲೂ ಹುಟ್ಟಿದ್ದಲ್ಲ. ಡಿಜಿಟಲ್ ಗ್ರಂಥಾಲಯಗಳನ್ನು ಕುರಿತು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ನಡೆಯುತ್ತಿದ್ದ ಸಂಶೋಧನೆಯ ಒಳಗಿನಿಂದ, ಯಾವ ಪುಟಕ್ಕೆ ಯಾವ ಪುಟ ಕೊಂಡಿ ಹಾಕಿದೆ ಎಂಬ ಗಣಿತದಿಂದ ಅದು ಬಂದಿತು; ಆ ಗಣಿತದ ಹೆಸರೇ ಪೇಜ್‌ರ‍್ಯಾಂಕ್. ವಿಶ್ವವಿದ್ಯಾಲಯ ಆ ಇಬ್ಬರಿಗೆ ಕೊಟ್ಟ ನಿಜವಾದ ಬೆಂಬಲವೆಂದರೆ, ಗ್ರಾಹಕರು ಯಾರು ಎಂದು ಯಾರೂ ಕೇಳದ ಪ್ರಶ್ನೆಯೊಂದರ ಮೇಲೆ ಕೆಲಸ ಮಾಡಲು ಸಿಕ್ಕ ಬಿಡುವು. ಇಂದಿನ ಕಾರ್ಯಕ್ರಮಗಳು ಮೊದಲ ಸೆಮಿಸ್ಟರಿನಿಂದಲೇ ಗ್ರಾಹಕರನ್ನು ಹುಡುಕಿಸುತ್ತವೆ. ಅಲ್ಲಿಗೆ ಆ ಬಿಡುವು ಮುಗಿಯಿತು.

ಇನ್ನು ಹಣದ ಮಾತು. ಸರ್ಕಾರದ ನೆರವಿನಲ್ಲಿ ನಡೆದ ಸಂಶೋಧನೆಯ ಪೇಟೆಂಟ್ ಹಕ್ಕನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅಮೆರಿಕ 1980ರ ಬೇ-ಡೋಲ್ ಕಾಯ್ದೆಯ ಮೂಲಕ ಅವಕಾಶ ಕೊಟ್ಟಿತು. ಗೂಗಲ್‌ನ ಪೇಜ್‌ರ‍್ಯಾಂಕ್ ಪೇಟೆಂಟಿನ ಒಡೆತನ ಸ್ಟ್ಯಾನ್‌ಫರ್ಡ್‌ನದಾಗಿತ್ತು. ಅದರ ಪರವಾನಗಿಗೆ ಪ್ರತಿಯಾಗಿ ಸಿಕ್ಕ ಸುಮಾರು 18 ಲಕ್ಷ ಷೇರುಗಳು 2005ರ ಹೊತ್ತಿಗೆ 33.6 ಕೋಟಿ ಡಾಲರ್ ತಂದುಕೊಟ್ಟವು. ಆ ಒಂದು ಲಾಟರಿಯನ್ನು ಕಂಡು ಉಳಿದವರೆಲ್ಲ ಟಿಕೆಟ್ ಕೊಳ್ಳಲು ಹೊರಟರು, ಆದರೆ ಪೇಟೆಂಟ್ ಕಚೇರಿಯ ಖರ್ಚೂ ಹುಟ್ಟದ ವಿಶ್ವವಿದ್ಯಾಲಯಗಳು ಅಮೆರಿಕದಲ್ಲೇ ಹೆಚ್ಚು. ಸಂಸ್ಥೆಗೆ ಆಗುವ ನಷ್ಟ ಹೇಗೋ ತುಂಬೀತು. ವಿದ್ಯಾರ್ಥಿಯ ಸ್ಥಿತಿ ಯೋಚಿಸಿ: ಆಕೆಯ ಪ್ರಬಂಧಕ್ಕೆ ಸಹಿ ಹಾಕಬೇಕಾದ ಮಾರ್ಗದರ್ಶಕರೇ ಆಕೆಯ ಕಂಪನಿಯ ಪಾಲುದಾರರಾಗಿದ್ದರೆ, ಮುಂದಿನ ಅಧ್ಯಾಯ ಮುಗಿಸಬೇಕೋ ಉತ್ಪನ್ನದ ಮುಂದಿನ ಮಾದರಿ ಮಾಡಬೇಕೋ ಎಂಬ ತಗಾದೆಯಲ್ಲಿ ಆಕೆ ಯಾರ ಬಳಿ ದೂರು ಹೇಳಿಕೊಳ್ಳಬೇಕು? ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಂತೆ ಆವಿಷ್ಕಾರದ ಹಕ್ಕನ್ನು ಆವಿಷ್ಕರಿಸಿದವರಿಗೇ ಬಿಟ್ಟುಕೊಟ್ಟರೆ ಈ ತೊಡಕು ಅರ್ಧ ಕಳೆಯುತ್ತದೆ. ಆದರೆ ಲಾಭದ ಆಸೆಯಿಂದಲೇ ಕೇಂದ್ರ ಕಟ್ಟಿದ ಆಡಳಿತ ಮಂಡಳಿಗಳು ಅಷ್ಟು ಉದಾರವಾಗುವುದು ಅಪರೂಪ.

ಅಂಕ ಕೊಡುವ ಬಗೆಯಂತೂ ಇನ್ನೂ ಅನುಮಾನಾಸ್ಪದ. ಉದ್ಯಮದ ಯೋಜನೆ ಮಂಡಿಸಲು ಐದು ನಿಮಿಷ, ಹತ್ತು ಸ್ಲೈಡು, ಕೊನೆಗೆ "ಈ ಮಾರುಕಟ್ಟೆಯ ಶೇ 1ರಷ್ಟು ನಮಗೆ ಸಿಕ್ಕರೂ ಸಾಕು" ಎಂಬ ಸಾಲು. ಆ ಶೇ 1 ಹೇಗೆ ಸಿಗುತ್ತದೆ ಎಂಬುದೇ ಇಡೀ ಉದ್ಯಮದ ಪ್ರಶ್ನೆಯಾಗಿದ್ದರೂ ಅದು ಸ್ಲೈಡಿನಲ್ಲಿ ಇರುವುದಿಲ್ಲ. ಒಳ್ಳೆಯ ತೀರ್ಪುಗಾರರೂ ಇಲ್ಲಿ ಎಡವುತ್ತಾರೆ. 1998ರಲ್ಲಿ ಎಂಐಟಿಯ ಉದ್ಯಮ ಯೋಜನೆ ಸ್ಪರ್ಧೆಯನ್ನು ಗೆದ್ದದ್ದು ಡೈರೆಕ್ಟ್ ಹಿಟ್ ಎಂಬ ಸರ್ಚ್ ಕಂಪನಿ; ಅದು 2000ರಲ್ಲಿ ಆಸ್ಕ್ ಜೀವ್ಸ್ ಎಂಬ ಇನ್ನೊಂದು ಸರ್ಚ್ ಕಂಪನಿಗೆ ಮಾರಾಟವಾಯಿತು. ಅದೇ ಸ್ಪರ್ಧೆಯ ಅಂತಿಮ ಸುತ್ತಿಗೆ ಬಂದೂ ಬಹುಮಾನ ಸಿಗದ ತಂಡ, ಗಣಿತದ ಪ್ರಾಧ್ಯಾಪಕ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಕಟ್ಟಿದ ಅಕಮೈ. ಅಂತರ್ಜಾಲದ ದಟ್ಟಣೆಯ ದೊಡ್ಡದೊಂದು ಪಾಲನ್ನು ಅದು ಹೊತ್ತು ಸಾಗಿಸತೊಡಗಿತು. ಬಹುಮಾನದ ಆಯ್ಕೆ ತಪ್ಪಿದರೆ ಯಾರಿಗೂ ಹಾನಿಯಿಲ್ಲ. ಅದೇ ಅಳತೆಗೋಲಿನಿಂದ ಪದವಿಯ ಅಂಕ ನಿರ್ಧರಿಸುವುದು ಬೇರೆಯೇ ಮಾತು. ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿಯೂ ಇರಾದೆ ಕುಗ್ಗಿದ್ದಷ್ಟೇ ಅಲ್ಲ, ಕೌಶಲಗಳೂ ಗಮನಾರ್ಹವಾಗಿ ಹೆಚ್ಚಲಿಲ್ಲ ಎಂಬ ಇನ್ನರ್ಧವನ್ನು ಪರ ವಾದಿಗಳು ಹೇಳದೆ ಬಿಡುತ್ತಾರೆ.

ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದರಂತೆ ಆಯ್ದ ಹೊಸ ಕಂಪನಿಗಳ ಸ್ಥಾಪಕರ ಸರಾಸರಿ ವಯಸ್ಸು ಸ್ಥಾಪನೆಯ ಹೊತ್ತಿಗೆ 45 ಎಂದು 2020ರಲ್ಲಿ ಪ್ರಕಟವಾದ ಪಿಯರ್ ಅಜೂಲೆ ಮತ್ತು ಸಂಗಡಿಗರ ಸಂಶೋಧನೆ ತೋರಿಸಿತು. ಅದೇ ಕ್ಷೇತ್ರದಲ್ಲಿ ಮೊದಲು ದುಡಿದ ಅನುಭವವಿದ್ದವರು ಗೆಲ್ಲುವ ಸಂಭವವೂ ಹೆಚ್ಚಾಗಿತ್ತು. ಇಪ್ಪತ್ತರ ಹರೆಯದಲ್ಲಿ ಕಲಿಸಬೇಕಾದದ್ದು ಆ ಇಪ್ಪತ್ತೈದು ವರ್ಷಗಳಿಗೆ ಬೇಕಾಗುವ ಆಳವಾದ ವಿಷಯಜ್ಞಾನ. ಇಷ್ಟರ ಮೇಲೂ ತಡೆಯಲಾಗದೆ ಹೊರಡುವವರಿಗೆ ಒಂದು ವರ್ಷದ ರಜೆ ಕೊಟ್ಟು, ಸೋತು ಬಂದರೂ ಸೀಟು ಉಳಿಯುವಂತೆ ನಿಯಮ ಮಾಡಿದರೆ ಸಾಕು. ಅದಕ್ಕೆ ಹೊಸ ಕಟ್ಟಡವಾಗಲಿ, ಕಂಪನಿಯಲ್ಲಿ ಪಾಲಾಗಲಿ, ಅಂಕಗಳ ಪಟ್ಟಿಯಲ್ಲಿ ಇನ್ನೊಂದು ಕಾಲಂ ಆಗಲಿ ಬೇಕಿಲ್ಲ.